ನೀರು ಬಿಡುವ ರಾತ್ರಿ

ಬೆಟಗೇರಿಯಲ್ಲಿ ನೀರು ಹೇಳಿ ಬರುವುದಿಲ್ಲ.
ಹನ್ನೊಂದು ದಿನ ಆಯಿತು, ಹನ್ನೆರಡು.
ವಾಲ್‌ಮನ್ ಫಕ್ರುಸಾಬನ ಸೈಕಲ್ಲು
ಮಿಷನ್ ಕಂಪೌಂಡಿನ ಮೂಲೆಯಲ್ಲಿ ಕಂಡವರುಂಟು,
ಕಂಡದ್ದು ಅವನೇ ಅಲ್ಲ ಅಂದವರೂ ಉಂಟು.

ಸೊಲೋಮಿ ಚಿಗವ್ವ ಯಾರನ್ನೂ ಕೇಳುವುದಿಲ್ಲ.
ಮಧ್ಯಾಹ್ನವೇ ಹುಣಸೆಹುಳಿ ಹಚ್ಚಿ
ತಾಮ್ರದ ಕೊಡ ತಿಕ್ಕುತ್ತಾಳೆ.
ಹಂಡೆಯ ತಳದ ಕದಡಿದ ನೀರನ್ನು
ನುಗ್ಗೆ ಗಿಡಕ್ಕೆ ಬಗ್ಗಿಸುತ್ತಾಳೆ.
ಇರಲಿ ಬಿಡು, ಇನ್ನೊಂದು ದಿನಕ್ಕಾದೀತು, ಅಂದರೆ
"ರಾಡಿ ಇಟಗೊಂಡ ಕುಂತ ಕೊಡಕ್ಕ
ಹೊಸಾ ನೀರ ಹೆಂಗ ಹಾಕಲೋ?" ಅನ್ನುತ್ತಾಳೆ.

ನಲವತ್ತು ವರ್ಷ ಆಸ್ಪತ್ರೆಯ
ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು.
ಡಾಕ್ಟರು ಬರೆದ ತಾರೀಖನ್ನು
ಯಾವ ಕೂಸೂ ಓದಿಕೊಂಡು ಬಂದಿದ್ದಿಲ್ಲ.
"ಬಿಸಿನೀರ ಒಲಿ ಮ್ಯಾಲ ಇಟ್ಟಿರಬೇಕು, ಅಷ್ಟ.
ಉಳಿದದ್ದು ಅವಂಗ ಬಿಡು."
ಅವಂಗ ಅಂದರೆ ಕೂಸಿಗೋ, ಕರ್ತನಿಗೋ,
ನಾನು ಕೇಳಲಿಲ್ಲ.

ನಾನು ಅವಳ ಅಕ್ಕನ ಮಗ, ಸಭಾಪಾಲಕ.
ಬರುವುದು ಆಗಮನ ಕಾಲದ ಮೊದಲ ಭಾನುವಾರ.
ಹತ್ತು ಕನ್ಯೆಯರು, ಹತ್ತು ದೀಪ,
ಐದರಲ್ಲಿ ಎಣ್ಣೆ ಸಾಲದು.
ಮೂರು ಪುಟ ಬರೆದಿದ್ದೆ, ಎಚ್ಚರದ ಬಗ್ಗೆ,
ಕಾಲದ ಗುರುತುಗಳ ಬಗ್ಗೆ,
ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು.
ಓದಿ ತೋರಿಸಿದೆ. ಹಂಡೆ ತೊಳೆಯುತ್ತಲೇ ಕೇಳಿದಳು.

"ಆ ಐದು ಮಂದಿ ಶಾಣ್ಯಾ ಹುಡುಗ್ಯಾರು
ಎಣ್ಣಿ ಯಾಕ ಕೊಡಲಿಲ್ಲೋ?"
"ಕೊಡಲಾಗದ್ದು ಅದು, ಚಿಗವ್ವ.
ಒಬ್ಬರ ವಿಶ್ವಾಸ ಇನ್ನೊಬ್ಬರ ದೀಪಕ್ಕೆ..."
"ಖರೆ, ಖರೆ. ಆದ್ರ ಸಂಜೀಮುಂದ
ಎಣ್ಣಿ ಐತೇನ್ರೇ ಅಂತ ಒಂದ ಮಾತ ಕೇಳಬಹುದಿತ್ತಲ್ಲ?
ಅಂಗಡಿ ತಗದಿರತಿತ್ತು ಆವಾಗ."

ನನ್ನ ಮೂರು ಪುಟದಲ್ಲಿ ಎಲ್ಲಿಯೂ
ಅಂಗಡಿ ಇರಲಿಲ್ಲ.

ಆ ರಾತ್ರಿ ಅವಳಿಗೆ ಜ್ವರ.
"ಇವತ್ತ ನೀ ಎಚ್ಚರಿರು. ನೀರಿಗಿಂತ ಮೊದಲ ಗಾಳಿ ಬರತೈತಿ.
ನಳ ಉಸ್ ಅಂತೈತಿ, ಕೆಮ್ಮತೈತಿ.
ಆವಾಗ ಏಳು. ಎದುರುಮನಿ ತುಳಸಾಬಾಯಿ ಕದಾ ಬಡಿ."

ನಳ ತಿರುವಿಟ್ಟು, ಕೆಳಗೆ ಕೊಡ ಇಟ್ಟು
ಪಡಸಾಲೆಯಲ್ಲಿ ಕೂತೆ.
ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಒಮ್ಮೆಗೇ ಹತ್ತುತ್ತಿದ್ದವು, ಒಮ್ಮೆಗೇ ಆರುತ್ತಿದ್ದವು.
ಪಟ್ಟೇಗಾರ ಓಣಿಯ ಕೊನೆಯ ಮಗ್ಗ ನಿಂತಿತು.
ಹುಬ್ಬಳ್ಳಿ ಕಡೆಯ ಗಾಡಿ ಕೂಗಿ ಹೋಯಿತು.
ನಾಲ್ಕನೆಯ ಪುಟ ತೆಗೆದು ಬರೆದೆ:
ಪ್ರಿಯರೇ, ಈ ಗಳಿಗೆ ಕಣ್ಣು ಮುಚ್ಚುವ ಗಳಿಗೆಯಲ್ಲ

ಎದ್ದಾಗ ಬೆಳಕು ಹರಿದಿತ್ತು.
ಕೆನ್ನೆಯ ಮೇಲೆ ಆ ಸಾಲು
ಉಲ್ಟಾ ಅಚ್ಚಾಗಿತ್ತು.

ನಳ ಒಣಗಿತ್ತು. ಕೊಡ ತುಂಬಿತ್ತು.
ಹಂಡೆ ತುಂಬಿತ್ತು. ನೀಲಿ ಬ್ಯಾರಲ್ಲು, ಬಕೀಟು, ಚರಿಗೆ,
ಚಿಗವ್ವ ಗುಳಿಗೆ ನುಂಗುವ ಲೋಟ ಕೂಡ
ಕಂಠಮಟ್ಟ ತುಂಬಿತ್ತು.
ಅಂಗಳದಲ್ಲಿ ಒದ್ದೆ ಹೆಜ್ಜೆ,
ಎಡಗಾಲು ಎಳೆದು ನಡೆಯುವವರದು,
ಗೇಟು ದಾಟಿ ಎದುರುಮನೆಯ ತನಕ.

ಚಿಗವ್ವ ಕಣ್ಣು ತೆರೆದಾಗ ಕೇಳಿದ್ದು
ಬಂದಿದ್ದವೇನು ಅಂತಲ್ಲ.
"ಆಕೀವು ತುಂಬ್ಯಾವೇನೋ?"

ಹೋಗಿ ನೋಡಿದೆ. ಆಕೆಯ ಪೀಪಾಯಿ ಅರ್ಧ.
ಆಗಲೇ ಮಗ್ಗದ ಕುಣಿಗೆ ಇಳಿದಿದ್ದಳು, ಲಾಳಿ ಆಡುತ್ತಿತ್ತು.
"ನಿಮ್ಮವು ತುಂಬೂದ್ರೊಳಗ ನಿಂತವ್ರೀ, ಅಯ್ಯಾರ.
ನಿಮ್ಮ ಮನ್ಯಾಗ ದೀಪ ಹತ್ತಿತ್ತು,
ದೇವರ ಮಾತ ಬರಿಯಾಕತ್ತೀರಿ ಅಂತ
ಎಬ್ಬಸಲಿಲ್ಲ."

ನಾಲ್ಕೂ ಪುಟ ಮಡಚಿ
ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟೆ.
ಎರಡು ಕೊಡ ಹೊತ್ತು ಓಣಿ ದಾಟಿದೆ.
ತುಳುಕಿದ್ದು ಜುಬ್ಬದ ಮೇಲೆ ಬಿತ್ತು, ತಣ್ಣಗೆ.

ಬರಿದಾದ ಆ ಎರಡನ್ನು
ಅವಳು ಹೇಳುವ ಮೊದಲೇ ತಿಕ್ಕಿ
ಕಟ್ಟೆಯ ಮೇಲೆ, ಬಾಯಿ ಮೇಲಾಗಿ, ಇಟ್ಟೆ.
ಇವತ್ತಿಗೆ ಒಂದನೆಯ ದಿನ.