ಅಫ್ಸರ್ ಭಾಯಿ ಗಾಡಿಯ ಮುಂದೆ ಆಯೋಗ

ಮೂರನೇ ಪುಟ ಪ್ರೆಸ್ಸಿಗೆ ಇಳಿಸಿ
ಗೋಪಿ ಸರ್ಕಲ್ಲಿಗೆ ಬರುವಾಗ ರಾತ್ರಿ ಒಂದು ಹತ್ತು.
ಶಿವಮೊಗ್ಗದಲ್ಲಿ ಆ ಹೊತ್ತಿಗೆ ಎಚ್ಚರ ಇರುವವರು
ಆಸ್ಪತ್ರೆಯಲ್ಲಿ ರೋಗಿ ಕಾಯುವವರು, ಆಟೋದವರು, ನಾಯಿಗಳು,
ಮತ್ತೆ ಅಫ್ಸರ್ ಭಾಯಿಯ ಎಗ್‌ರೈಸ್ ಗಾಡಿ.
(ಇಡೀ ಜಿಲ್ಲೆಯಲ್ಲಿ ಕೇಳಿದ್ದನ್ನು ಕೇಳಿದ ಹೊತ್ತಿಗೆ ಕೊಡುವ
ಅಫ್ಸರ್ ಇವನೊಬ್ಬನೇ. ಇದು ನನ್ನ ಜೋಕಲ್ಲ, ಗುತ್ಯಪ್ಪನದು.)

ಗುತ್ಯಪ್ಪ ಹಗಲು ಐ.ಬಿ.ಯಲ್ಲಿ ಆಯೋಗದ ಬಾಗಿಲು ಕಾಯುತ್ತಾನೆ,
ಸಾಕ್ಷಿಗಳ ಹೆಸರನ್ನು ಮೂರು ಸಲ ಕೂಗುತ್ತಾನೆ.
ಎಂಟು ತಿಂಗಳಿಂದ ಅದೇ: ಮಂತ್ರಿಗಳ ಮಗಳ ಮದುವೆಗೆ
ಸರ್ಕಾರ ಸಂಸಾರ ಸಮೇತ ಯಾಕೆ ಎದ್ದು ಹೋಗಿತ್ತು ಎಂಬ ವಿಚಾರಣೆ.
ರಾತ್ರಿ ಅದನ್ನೇ ಇಲ್ಲಿ ಕೂರಿಸುತ್ತಾನೆ.
ಅಫ್ಸರನ ಟವೆಲ್ಲು ಹೆಗಲಿಗೆ ಬಿದ್ದರೆ ನ್ಯಾಯಮೂರ್ತಿ,
ಸೊಂಟಕ್ಕೆ ಸುತ್ತಿದರೆ ತಹಶೀಲ್ದಾರ,
ತಲೆಗೆ ಬಿಗಿದರೆ ಇನ್ಸ್‌ಪೆಕ್ಟರು.

"ಫೈರ್ ಎಂಜಿನ್ನು ಮದುವೆ ಲಾನಿಗೆ ನೀರು ಬಿಟ್ಟಿದ್ದು ಯಾಕ್ರೀ?"
"ಒಣಹುಲ್ಲು ಸ್ವಾಮಿ, ಬೆಂಕಿ ಬೀಳೋ ಸಂಭವ. ಮುಂಜಾಗ್ರತೆ."
"ನಲವತ್ತು ಜನ ಪೊಲೀಸರು ಲಾಡು ಕಟ್ಟಿದ್ದು?"
"ಬೂಂದಿಕಾಳು ಐದಕ್ಕಿಂತ ಹೆಚ್ಚು ಒಂದೇ ಕಡೆ ಸೇರಿದ್ವು.
ನಿಷೇಧಾಜ್ಞೆ ಇತ್ತು. ಕಟ್ಟಿ ಹಾಕಲೇಬೇಕಾಯ್ತು."
"ಆದೇಶ ಕೊಟ್ಟಿದ್ದು ಯಾರು?"
"ನೆನಪಿಲ್ಲ."
"ಊಟಕ್ಕೆ ಏನಿತ್ತು?"
"ಹೋಳಿಗೆ. ಎರಡು. ಮೇಲೆ ತುಪ್ಪ. ಎಡಗಡೆ ಬಾಳಕದ ಮೆಣಸಿನಕಾಯಿ."

ಆಟೋ ರುದ್ರೇಶನಿಗೆ ನಕ್ಕು ನಕ್ಕು ಅನ್ನ ನೆತ್ತಿಗೇರಿತು.
ಬೀಟಿನ ಪೇದೆ ಆಚೆ ಮುಖ ಮಾಡಿ ನಿಂತಿದ್ದ,
ಬೆನ್ನು ಮಾತ್ರ ಕುಣಿಯುತ್ತಿತ್ತು.

ಆಮೇಲೆ ಎಲ್ಲರೂ ಕಾಯುವ ಐಟಂ.

"ಮಂಟಪದ ಎದುರಿನ ಒಣಮೀನಿನ ಪೆಟ್ಟಿಗೆ ಅಂಗಡಿ ಏನಾಯ್ತು?"
"ಬೀಗರಿಗೆ ವಾಸನೆ ಬರ್ತಿತ್ತು ಸ್ವಾಮಿ."
"ಅದಕ್ಕೆ?"
"ಜೆಸಿಬಿ ನೋಡಿ ಮೀನೇ ನಾಲೆಗೆ ಹಾರಿದ್ವು. ನಾವು ಬೇಡ ಅಂದ್ವಿ.
ಎಷ್ಟಂದ್ರೂ ಮೀನು. ತವರಿನ ಸೆಳೆತ."

ನಗು ಇಳಿಯುವ ಮೊದಲೇ, ಹಗಲಿನ ಗಂಟಲಲ್ಲಿ,
"ಸಾಕ್ಷಿ ಎಪ್ಪತ್ಮೂರು! ಹುಚ್ಚಮ್ಮ ಕೋಂ ಲೇಟ್ ಕೆರಿಯಪ್ಪಾ!"
ಹೆಸರಿಗೇ ಒಬ್ಬ ನಕ್ಕ.
"ಹುಚ್ಚಮ್ಮ ಕೋಂ ಲೇಟ್ ಕೆರಿಯಪ್ಪಾ!"
ಮೂರನೇ ಸಲಕ್ಕೆ
"ಬಂದೆ" ಅಂತು ಒಂದು ದನಿ.

ಆಸ್ಪತ್ರೆಯ ಕಡೆಯಿಂದ ಬಂದವಳು, ಕೈಯಲ್ಲಿ ಫ್ಲಾಸ್ಕು.
(ಎಪ್ಪತ್ಮೂರು ಬರುವುದರೊಳಗೆ ಅಲ್ಲಿ ಊಟದ ಹೊತ್ತಾಗುತ್ತದೆ.
'ವಿಚಾರಣೆ ಮುಂದೂಡಿಕೆ' ಎಂಬ ಸುದ್ದಿ ನನ್ನಲ್ಲಿ ತಯಾರೇ ಇರುತ್ತದೆ,
ತಾರೀಖು ಬದಲಿಸಿದರೆ ಸಾಕು.)

"ಅದು ಸಮುದ್ರದ ಮೀನು. ಭಟ್ಕಳದ್ದು.
ನಾಲೆ ಅದರ ತವರಲ್ಲ" ಅಂದಳು.

ಕಾವಲಿ ಚಿಟಿಗುಟ್ಟುತ್ತಿತ್ತು. ಅಫ್ಸರ್ ಉರಿ ತಗ್ಗಿಸಿದ.

"ಬಂಗುಡೆ ಎರಡು ಚೀಲ. ಸೀಗಡಿ ಅರ್ಧ. ತಕ್ಕಡಿ.
ಕೆಳಗಿನ ಡಬ್ಬದಲ್ಲಿ ಮೊಮ್ಮಗಳ ಟಿ.ಸಿ.
ಜೆಸಿಬಿ ಹುಡುಗ ಮೊದಲು ಬಂದು ನೀರು ಕೇಳಿದ.
ಕೊಟ್ಟೆ. ಯಾಕೆ ಬಂದಿದಾನೆ ಅಂತ ಗೊತ್ತಿರ್ಲಿಲ್ಲ.
ಕುಡಿದು, ಲೋಟ ತೊಳೆದಿಟ್ಟು, ಹತ್ತಿ ಕೂತ."
ಸ್ವಲ್ಪ ತಡೆದು, "ಬರ್ಕೊಳ್ಳಿ" ಅಂದಳು.

ಯಾರಿಗೆ ಹೇಳಿದಳೋ.
ಗುತ್ಯಪ್ಪನ ಟವೆಲ್ಲು ಹೆಗಲಿಗೂ ಹೋಗಲಿಲ್ಲ, ತಲೆಗೂ ಹೋಗಲಿಲ್ಲ.
ಒಣಗಿದ ಕೈಯನ್ನೇ ಒರೆಸುತ್ತ ನಿಂತ.
ಪೇದೆ ಬೀಟ್ ಪುಸ್ತಕಕ್ಕೆ ಸಹಿ ಹಾಕಿ ಬೈಕ್ ಹತ್ತಿದ.
ನಾನು ಪ್ರೂಫಿನ ಬೆನ್ನ ಮೇಲೆ ಬರೆದುಕೊಂಡೆ: ಬಂಗುಡೆ, ಎರಡು ಚೀಲ.
ಪುಟ ಆಗಲೇ ಹೋಗಿತ್ತು.
ಅಫ್ಸರ್ ಫ್ಲಾಸ್ಕಿಗೆ ಚಹಾ ತುಂಬಿಸಿದ, ದುಡ್ಡು ಬೇಡವೆಂದ.
ಆಕೆ ಚಿಲ್ಲರೆ ಎಣಿಸಿ ಮೊಟ್ಟೆ ಟ್ರೇ ಮೇಲಿಟ್ಟು ಹೋದಳು.

ಮರುರಾತ್ರಿ ಗುತ್ಯಪ್ಪ ಬಂದ. ಹುಲ್ಲು ಆಯಿತು, ಲಾಡು ಆಯಿತು,
ಹೋಳಿಗೆಯ ಮೇಲೆ ತುಪ್ಪವೂ ಬಿತ್ತು.
"ಮೀನಿಂದು ಹೇಳೋ" ಎಂದರು ಜನ.
ಟವೆಲ್ಲನ್ನು ಮಡಚಿ ಗಾಡಿಯ ಮೇಲಿಟ್ಟು
"ನೆನಪಿಲ್ಲ" ಅಂದ.

ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಗು ಬಿತ್ತು.