ಎಂಟು ಮೂಲೆಯ ಚಾವಣಿ

ಸೋಮವಾರ ಬೆಳಗ್ಗೆ ಗುಡಿಸುವಾಗ ಸಿಕ್ಕೇ ಸಿಗುತ್ತವೆ
ಬಟ್ಟೆಗೆ ಹಾಕುವ ಕ್ಲಿಪ್ಪು, ಎರಡೋ ಮೂರೋ.
ವಾದ್ಯದವರು ತರುತ್ತಾರೆ, ಕಬ್ಬನ್ ಪಾರ್ಕಿನ ಗಾಳಿಗೆ
ಸ್ವರದ ಹಾಳೆ ಹಾರದ ಹಾಗೆ.
ನಮ್ಮ ಮನೆಯ ಹಗ್ಗದ ಮೇಲೆ ಈಗ
ನೀಲಿಯವು ಹನ್ನೊಂದು, ಮರದವು ನಾಲ್ಕು.

ನಮ್ಮತ್ತೆ ಪಿಳ್ಳಮ್ಮನೂ ಇಲ್ಲೇ ಗುಡಿಸಿದವಳು.
ಅವಳಪ್ಪ ದೊರೆಗಳ ಕಾಲದ ಮಾಲಿ.
ಬ್ಯಾಂಡು ಬಾರಿಸುವ ಸಂಜೆ
ಕುರ್ಚಿ ಹಾಕುವುದು ಅವನ ಕೆಲಸ, ಕೂರುವುದಲ್ಲ.
ಹಾಕಿ, ಬಿದಿರು ಮೆಳೆಯ ಹಿಂದೆ ನಿಂತು ಕೇಳುತ್ತಿದ್ದನಂತೆ.
ಅಲ್ಲಿಂದ ಕಾಣುತ್ತಿದ್ದುದು ಒಂದೇ:
ದೊಡ್ಡ ಹಿತ್ತಾಳೆ ಕಹಳೆಯ ಬಾಯಿ,
ಅದರೊಳಗೆ ಇಳಿಯುತ್ತಿದ್ದ ಸೂರ್ಯ.
ಸೊಂಡಿಲಿಲ್ಲದ ಆನೆ ಕೆಮ್ಮಿದ ಹಾಗೆ, ಅಂತಿದ್ದನಂತೆ.
ಅತ್ತೆ ಆ ಕೆಮ್ಮನ್ನು ನನ್ನ ಮಕ್ಕಳಿಗೆ ಮಾಡಿ ತೋರಿಸುತ್ತಿದ್ದಳು:
ಬುಂ, ಬುಂ, ಬುಬ್ಬುಂ.

ಆಮೇಲೆ ದೊರೆಗಳು ಹೋದರು, ಕುರ್ಚಿ ಹೋದವು.
ಕಬ್ಬಿಣದ ಕಂಬಕ್ಕೆ ಬಣ್ಣದ ಮೇಲೆ ಬಣ್ಣ;
ಸಿಪ್ಪೆ ಎದ್ದ ಕಡೆ ಉಗುರಿನಲ್ಲಿ ಕೆರೆದರೆ
ಹಸಿರು, ಕೆಳಗೆ ಬೂದಿ, ಅದರ ಕೆಳಗೆ ಇನ್ನೊಂದು ಹಸಿರು.
ಬಹಳ ವರ್ಷ ಇಲ್ಲಿ ಕಚೇರಿ ನಡೆಸಿದ್ದು ಪಾರಿವಾಳಗಳೇ.

ಈಗ ಭಾನುವಾರ ಜನ ಬರುತ್ತಾರೆ.
ಓಡಿ ಬೆವೆತವರು, ನಾಯಿ ಕರೆತಂದವರು,
ಪರೀಕ್ಷೆಯ ಪುಸ್ತಕ ಮಡಿಲಲ್ಲಿಟ್ಟು ನಿದ್ದೆ ಹೊಡೆಯುವ ಹುಡುಗ.
ಹುಲ್ಲಿನ ಮೇಲೆ ದುಪಟ್ಟ ಹಾಸಿ ಜಾಗ ಹಿಡಿಯುತ್ತಾರೆ.
ಮೈಕು ಕಿರುಚುತ್ತದೆ, ಕಾಗೆ ಉತ್ತರ ಕೊಡುತ್ತದೆ,
ಚುರುಮುರಿಯವನು ಡಬ್ಬಿ ತಟ್ಟಿ ತಾಳ ಕೆಡಿಸುತ್ತಾನೆ.

ಹೋದ ಭಾನುವಾರ ಜ್ಞಾನಪ್ರಕಾಶಂ
(ಪೊಲೀಸ್ ಬ್ಯಾಂಡಿನಿಂದ ರಿಟೈರಾದವರು, ಹಲ್ಲು ಕಟ್ಟಿಸಿಕೊಂಡವರು)
ಕಹಳೆಗೆ ತುಟಿ ಇಟ್ಟರು, ಮಳೆ ಶುರುವಾಯಿತು.
ಕರೆಂಟು ಹೋಯಿತು.
ಜನ ಎದ್ದು ಓಡಿದರು,
ಗೇಟಿನ ಕಡೆ ಅಂದುಕೊಂಡೆ; ಮೆಟ್ಟಿಲಿನ ಕಡೆ.
ಹನ್ನೆರಡು ಜನ ಕೂರುವಲ್ಲಿ ಎಂಬತ್ತು ಜನ,
ಒದ್ದೆ ನಾಯಿ ಎರಡು, ಚುರುಮುರಿ ಬುಟ್ಟಿ, ನಾನು.
ಪೊರಕೆಯಿಲ್ಲದೆ ನಾನು ಅಲ್ಲಿ ಹತ್ತಿದ್ದು ಅದೇ ಮೊದಲು.
ಇಲ್ಲ, ಸುಳ್ಳು. ಪೊರಕೆ ಕೈಯಲ್ಲೇ ಇತ್ತು.

ಕಹಳೆಯ ಬಾಯಿಗೂ ನನಗೂ ಒಂದು ಗೇಣು.
ನಿಲ್ಲಿಸಲಾ? ಅಂದರು. ಯಾರೂ ಹೂಂ ಅನ್ನಲಿಲ್ಲ.
ಮೇಲೆ ತಗಡಿನ ಮೇಲೆ ಮಳೆ, ಕೆಳಗೆ ಅವರು.
ಮೊದಲು ಪಕ್ಕೆಲುಬಿಗೆ ಬಂತು, ಆಮೇಲೆ ಕಿವಿಗೆ.
ಅತ್ತೆ ಸರಿಯಾಗೇ ಮಾಡುತ್ತಿದ್ದಳು;
ಕೊನೇದು ಮಾತ್ರ ಇನ್ನೂ ಸ್ವಲ್ಪ ಉದ್ದ.

ಬೆಳಗ್ಗೆ ಮೇಸ್ತ್ರಿ ನೆಲ ನೋಡಿ ಬೈದ:
ಯಾರದಿದು ಇಷ್ಟು ಕೆಸರು?
ಎಲ್ಲರದೂ ಸಾರ್, ಅಂದೆ.
ಕಂಬದ ಬುಡದಲ್ಲಿ ನನ್ನ ಚಪ್ಪಲಿಯದೂ ಒಂದಿತ್ತು,
ಅದನ್ನು ಕೊನೆಗೆ ಒರೆಸಿದೆ.
ಕ್ಲಿಪ್ಪು ಒಂದೂ ಸಿಗಲಿಲ್ಲ.