ಹೊಳೆಯ ಉಬ್ಬರ

ಆರು ಗಂಟೆಗೆ ನಾಲೆಗಿಳಿಸಿದೆವು ದೋಣಿ,
ಹಾಸನದ ಅಗ್ನಿಶಾಮಕದವರ ಹರಾಜಲ್ಲಿ ಸಿಕ್ಕಿದ್ದು.
ಹದಿನಾಲ್ಕು ಅಡಿ ಉದ್ದ,
ಅಗಲ, ನಾನು ಕಾಲು ಮಡಚಿ ಕೂರುವಷ್ಟು,
ತಗಡಿನ ಹೊಟ್ಟೆಗೆ ಮೂರು ಕಡೆ ಡಾಂಬರಿನ ತೇಪೆ.
ಹೊಳೆಯಲ್ಲೇ ತೇಲಿಸಬಹುದಿತ್ತಲ್ಲ ಅಂದೆ.
'ಹೊಳೇಲಿ ಬಂಡೆ ಅವೆ. ನಾಲೇಲಿ ಬರೀ ಇಲಾಖೆ'
ಅಂದ ಮಾಯಿಗಮಾವ, ಗಳು ಊರುತ್ತ.

ನಾಲೆಗೆ ಅವಸರವಿಲ್ಲ.
ರಾಗಿ ಹೊಲ ನಮಗಿಂತ ಕೆಳಗೆ,
ಹುಣಸೆಯ ನೆತ್ತಿ ನಮ್ಮ ಸರಿಸಮಕ್ಕೆ.
ಬಟ್ಟೆ ಒಗೆಯುವವರು ನೆನೆದ ಸೀರೆ ಎಳೆದುಕೊಂಡು ದಾರಿ ಬಿಟ್ಟರು.
ಒಬ್ಬಳು ಕೇಳಿದಳು:
'ಯಾರ ಹೆಣ ಹುಡುಕಕ್ಕೆ ಹೊಂಟ್ರವ್ವಾ?'

ಮೊದಲ ಗೇಟು.
ಬಾಗಿಲೆತ್ತುವ ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ,
ಬೀಗದ ಕೈ ದಸ್ತಗೀರ್ ಸಾಬರ ಉಡಿದಾರದಲ್ಲಿ,
ದಸ್ತಗೀರ್ ಸಾಬರು ಟೀ ಅಂಗಡಿಯಲ್ಲಿ.
ಬಂದರು. ಎಂಜಿನಿಯರು ಹೇಳದೆ ಗೇಟು ಎತ್ತೋಕಾಗಲ್ಲ,
ಬೇಕಾದ್ರೆ ದೋಣಿ ಎತ್ತೋಣ ಅಂದರು.
ಏರಿಯ ಮೇಲೆ ಹೊತ್ತೆವು ಮೂವರೂ,
ನೀರು ಪಕ್ಕದಲ್ಲೇ ಹರಿಯುತ್ತಿತ್ತು, ನಮ್ಮನ್ನು ನೋಡಿಯೂ ನೋಡದ ಹಾಗೆ.

ಎರಡನೆಯದರಲ್ಲೂ ಹೊತ್ತೆವು. ಹೆಗಲು ಕಿತ್ತಿತು.
ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಐದು ನಿಮಿಷ ನೆರಳು.

ಮೂರನೆಯದರಲ್ಲಿ ಯಾರೂ ಇಲ್ಲ.
ಬೀಗ ಒಡೆದು, ಬಾಗಿಲಿಗೆ ಕಲ್ಲು ಕೊಟ್ಟು ನಿಲ್ಲಿಸಿ
ರಾತ್ರಿ ಯಾರೋ ಗದ್ದೆಗೆ ನೀರು ಕದ್ದಿದ್ದಾರೆ.
ದೋಣಿಯಲ್ಲಿ ಅಂಗಾತ ಮಲಗಿ
ಆ ಕಳ್ಳತನದ ಅಡಿಯಲ್ಲಿ ದಾಟಿದೆವು.
ಹಣೆಗೆ ಒಂದು ಹನಿ ತುಕ್ಕು.

ಹೊಳೆಯಂಚಿಗೆ ಬಂದಾಗ ಮೂರೂವರೆ.
ಸಮುದ್ರ ನಾನು ಕಂಡವಳಲ್ಲ,
ಅದು ಘಟ್ಟದ ಆಚೆ.
ಆದರೂ ನಮ್ಮ ಹೇಮಾವತಿಗೆ ಉಬ್ಬರ ಉಂಟು,
ಚಂದ್ರನಿಂದಲ್ಲ, ಗೊರೂರಿನ ಕಂಟ್ರೋಲ್ ರೂಮಿನಿಂದ.
ಬೆಳಿಗ್ಗೆ ಅಲ್ಲಿ ಬಿಟ್ಟದ್ದು
ಸಂಜೆಗೆ ಇಲ್ಲಿ ದನ ಮೇಯುವ ದಿಬ್ಬ ಮುಳುಗಿಸುತ್ತದೆ.

ಮಾವ ಮರಳಿಗೆ ಒಂದು ಕಡ್ಡಿ ನೆಟ್ಟ,
ಮಚ್ಚಿನಿಂದ ಗೀಟು ಹಾಕಿದ,
ಬೀಡಿ ಹಚ್ಚಿ ಕೂತ.
ಗೀಟಿಗೆ ನೀರು ಮುಟ್ಟಿದ್ದೇ 'ಈಗ' ಅಂದ.

ನಡುಹೊಳೆಯಲ್ಲಿ ಗಳುವಿಗೆ ತಳ ಸಿಗಲಿಲ್ಲ.
ಹುಟ್ಟು ಹಿಡಿದ. ದೋಣಿ ಒಮ್ಮೆ ಅಡ್ಡ ತಿರುಗಿತು,
ಎರಡನೇ ತೇಪೆ ಜಿನುಗಿತು,
ನಾನು ಬುತ್ತಿ ಡಬ್ಬಿಯಲ್ಲಿ ಮೊಗೆಮೊಗೆದು ಚೆಲ್ಲುತ್ತಿದ್ದೆ.
ಆಗ ಹೇಳಿದ ಮಾವ, ನನ್ನ ಕಡೆ ನೋಡದೆ:
'ಆ ಹೆಂಗಸು ಕೇಳಿದ್ದು ಸುಳ್ಳಲ್ಲ.
ಹನ್ನೊಂದು ಜನರನ್ನ ದಡಕ್ಕೆ ತಂದೈತೆ ಇದು.
ಒಬ್ರೂ ಕೂತ್ಕೊಂಡು ಬಂದೋರಲ್ಲ.
ಕೂತು ದಾಟ್ತಿರೋಳು ನೀನೇ ಮೊದ್ಲು.'

ಮೊಗೆಯುವ ಕೈ ನಿಲ್ಲಿಸಲಿಲ್ಲ ನಾನು.
ಬೆನ್ನು ಮಾತ್ರ ನೆಟ್ಟಗಾಯಿತು.

ಹೊಳೆನರಸೀಪುರದ ಕಡೆಯ ಸೋಪಾನಕಲ್ಲು.
ಮೀನಿನ ಪರವಾನಗಿ ನನ್ನ ಹೆಸರಿನದು,
ಸೆರಗಿನ ಗಂಟಲ್ಲಿ ಒದ್ದೆಯಾಗಿ ಮೆತ್ತಗಾಗಿತ್ತು.
ತಿರುಗಿ ನೋಡಿದರೆ ಆಚೆ ದಡದ ಕಡ್ಡಿ ಇರಲಿಲ್ಲ.
ಮಾವ ಹಗ್ಗವನ್ನು ಮೂರು ಮೆಟ್ಟಿಲು ಮೇಲಿನ ಗೂಟಕ್ಕೆ ಬಿಗಿದ.
'ರಾತ್ರಿ ಅಲ್ಲಿ ಗೇಟು ಇಳಿಸಿದ್ರೆ?'
'ಕಲ್ಲಿನ ಮ್ಯಾಲೆ ಕೂತಿರ್ತದೆ.
ನೀರಿಗೆ ಕಾಯೋದು ಅದಕ್ಕೆ ಗೊತ್ತು.'